ಬೆನ್ನಿನ ನೀರಿನ ಪರೀಕ್ಷೆ: ಫಲಿತಾಂಶ ಯಾರಿಗೆ?

ಮರೆವಿನ ತೊಂದರೆಯಿರುವ ಹಿರಿಯರನ್ನು ಕರೆತರುವ ಮಕ್ಕಳು ಈಚೆಗೆ ಒಂದೇ ಬಗೆಯ ಕೋರಿಕೆ ಇಡುತ್ತಿದ್ದಾರೆ: ಪರೀಕ್ಷೆ ಆಗಲಿ, ಆದರೆ ಅಮ್ಮನಿಗೆ ಏನೂ ತಿಳಿಯಬಾರದು. ಅದಕ್ಕಾಗಿಯೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಈ ತಾಯಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಬಿ12, ಥೈರಾಯ್ಡ್, ಖಿನ್ನತೆ, ಎಂಆರ್‌ಐ ಎಲ್ಲವನ್ನೂ ನೋಡಿದ ಮೇಲೆ ನರರೋಗ ತಜ್ಞರು, ಮರೆವಿಗೆ ಆಲ್ಜೈಮರ್ ಕಾಯಿಲೆ ಕಾರಣವೇ ಎಂದು ತಿಳಿಯಲು, ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆ ಸೂಚಿಸಿದ್ದರು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ, ಆಲ್ಜೈಮರ್‌ಗೆ ಕೊಡುವ ಲೆಕನೆಮ್ಯಾಬ್ ಔಷಧದ ಸುದ್ದಿ ಓದಿದ್ದ, ಅಲ್ಲಿಯೇ ನೆಲೆಸಿರುವ ಮಗ, ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿ ಕಾಯಿಲೆಯ ವೇಗವನ್ನು ಅಳೆಯಬೇಕೆಂದು ಪಟ್ಟು ಹಿಡಿದಿದ್ದರು.

ಮಗ ವಿಡಿಯೊ ಕರೆಯಲ್ಲಿ, ಮಗಳು ಪಕ್ಕದಲ್ಲಿ, ತಾಯಿ ಎದುರಿಗೆ. ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕಿ ಸ್ವಲ್ಪ ದ್ರವ ತೆಗೆಯುತ್ತಾರೆ, ಕೆಲವರಿಗೆ ಕೆಲವು ದಿನ ತಲೆನೋವು ಬರಬಹುದು ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಮಗ ನಡುವೆ ಬಾಯಿಹಾಕಿ, “ರಿಪೋರ್ಟ್ ನನ್ನ ಇಮೇಲ್‌ಗೆ ಕಳಿಸಿಬಿಡಿ” ಎಂದರು. ಅದುವರೆಗೂ ಸುಮ್ಮನಿದ್ದ ತಾಯಿ ನನ್ನತ್ತ ತಿರುಗಿ ಕೇಳಿದರು: “ನೀರು ತೆಗೆಯೋದು ನನ್ನ ಬೆನ್ನಿಂದ. ಕಾಗದ ಓದೋದು ಮಾತ್ರ ಅವನಾ, ಮೇಡಂ?”

ಮಾತು ಅಲ್ಲಿಗೆ ನಿಂತಿತು. ಮಗಳು ಅಳತೊಡಗಿದರು. ನಾನು ಕರೆಯನ್ನು ಕೊನೆಗೊಳಿಸಲು ಹೇಳಿ, ಉಳಿದ ಹೊತ್ತನ್ನು ತಾಯಿಯೊಬ್ಬರೊಡನೆಯೇ ಕಳೆದೆ. ನೆನಪು ಕುಂದುತ್ತಿರುವವರೆಲ್ಲ ತೀರ್ಮಾನಿಸುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾರೆ ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆಯುವ ಅನ್ಯಾಯ. ನಿನ್ನೆಯ ಊಟ ಮರೆತಿದ್ದ ಇವರು ಪರೀಕ್ಷೆಯ ಲಾಭನಷ್ಟವನ್ನು ತಮ್ಮದೇ ಮಾತಿನಲ್ಲಿ ನನಗೆ ತಿರುಗಿ ಒಪ್ಪಿಸಿದರು.

ನನ್ನ ಸಲಹೆ ಮಗನಿಗೆ ಹಿಡಿಸಲಿಲ್ಲ. ಆಲ್ಜೈಮರ್‌ನಲ್ಲಿ ಅಮೈಲಾಯ್ಡ್ ಬೀಟಾ 42 ಎಂಬ ಪ್ರೋಟೀನು ಮಿದುಳಿನಲ್ಲಿ ಪ್ಲಾಕ್ ಆಗಿ, ಅಂದರೆ ಗಡ್ಡೆಗಟ್ಟಿ, ಕೂರುವುದರಿಂದ ದ್ರವದಲ್ಲಿ ಅದರ ಪ್ರಮಾಣ ಇಳಿಯುತ್ತದೆ, ಫಾಸ್ಫೊ ಟೌ ಎಂಬ ಇನ್ನೊಂದು ಪ್ರೋಟೀನಿನ ಪ್ರಮಾಣ ಏರುತ್ತದೆ. ಆದರೆ ಅಮೈಲಾಯ್ಡ್‌ನ ಇಳಿತ ಮರೆವು ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಆಗಿರುವುದರಿಂದ, ಅದು ಮರೆವಿನ ಕಾರಣವನ್ನು ಸೂಚಿಸುತ್ತದೆಯೇ ಹೊರತು ಮುಂದಿನ ವರ್ಷ ತಾಯಿ ಹೇಗಿರುತ್ತಾರೆಂದು ಹೇಳುವುದಿಲ್ಲ. ಗತಿಯನ್ನು ತಿಳಿಯಲು ನೆನಪಿನ ಪರೀಕ್ಷೆಗಳೂ, ಅಡುಗೆ, ಔಷಧಿ, ಹಣಕಾಸನ್ನು ಅವರು ನಿಭಾಯಿಸುವ ಬಗೆಯೂ ಸಾಕು. ವರ್ಷವರ್ಷವೂ ಸೂಜಿ ಬೇಡ. ಔಷಧದ ಮಾತಿಗೆ ಬಂದರೆ, ಸುಮಾರು 1,800 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಕುಸಿತ ಶೇ. 27ರಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಮಿದುಳಿನ ಊತ, ರಕ್ತಸ್ರಾವದ ಅಪಾಯವೂ ಇದೆ. ಇದನ್ನು ಹೇಳಿ ಕುಟುಂಬದ ಆಸೆಗೆ ತಣ್ಣೀರೆರಚಿದಿರಿ ಎಂದ ಸಹೋದ್ಯೋಗಿಗಳಿದ್ದಾರೆ. ನಾನು ಪರೀಕ್ಷೆಯನ್ನು ತಡೆಯಲಿಲ್ಲ. ಸೂಜಿಗೆ ಮೊದಲೇ, ಏನು ತಿಳಿಯಬೇಕು, ಯಾರಿಗೆ ಹೇಳಬೇಕು ಎಂಬುದನ್ನು ತಾಯಿಯೇ ಬರೆದು ಸಹಿ ಮಾಡಲಿ ಎಂದೆ.

ಅವರು ಒಪ್ಪಿ ಬರೆದರು: ಫಲಿತಾಂಶ ಮೊದಲು ತಮಗೆ, ಆಮೇಲೆ ಮಗಳಿಗೆ, ಮಗನಿಗೆ ತಾವೇ ಹೇಳುವುದು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಮೊಮ್ಮಗಳ ಮದುವೆ ಮುಗಿಯುವವರೆಗೆ ಬೀಗರ ಕಡೆಗೆ ಸುದ್ದಿ ಹೋಗಕೂಡದು. ಆ ಷರತ್ತು ನನಗೆ ಇಷ್ಟವಾಗಲಿಲ್ಲ. ಆದರೂ ಹಾಗೆಯೇ ದಾಖಲಿಸಿದೆ.