ಗೂಡ್ಸ್ ಆಟೋ ಬಿಟ್ಟು ಪಾರ್ಕಿನಲ್ಲಿ ಟ್ರ್ಯಾಕ್ಟರ್ ಡ್ರೈವರ್ ಕೆಲಸಕ್ಕೆ ಸೇರಬಹುದಾ? ಬರೀ ಗಾಡಿ ಓಡಿಸಿದರೆ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ಆರು ವರ್ಷದಿಂದ ಗೂಡ್ಸ್ ಆಟೋ ಓಡಿಸುತ್ತಿದ್ದೀರಿ, ಬಾಡಿಗೆ ಸರಿಯಾಗಿ ಸಿಗುತ್ತಿಲ್ಲ. ಪರಿಚಯದವರೊಬ್ಬರು ಬೆಂಗಳೂರಿನ ಪಾರ್ಕೊಂದರಲ್ಲಿ ‘ನಿರ್ವಹಣೆ ಕೆಲಸಗಾರ ಮತ್ತು ಚಾಲಕ’ ಅಂತ ಗುತ್ತಿಗೆ ಕೆಲಸ ಇದೆ ಬಾ ಎಂದಿದ್ದಾರೆ. ಸೇರಬಹುದಾ ಅಂತ ಕೇಳಿದ್ದೀರಿ.

ನಾನು ಇದೇ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬೆಂಗಳೂರಿನದೇ ಒಂದು ದೊಡ್ಡ ಪಾರ್ಕು. ಹೆಸರು ಬೇಡ, ಸುಮ್ನೆ ತಲೆನೋವು.

ಬರೀ ಗಾಡಿ ಓಡಿಸಿದರೆ ಸಾಕಾ? ಸಾಕಾಗಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ ಅಂದರೆ ನಾನು ಸ್ಟೇರಿಂಗ್ ಹಿಡಿಯುವುದು ಎರಡೂವರೆ, ಮೂರು ಗಂಟೆ. ಬೇಸಿಗೆಯಲ್ಲಿ ಟ್ಯಾಂಕರ್ ಇದ್ದಾಗ ಸ್ವಲ್ಪ ಜಾಸ್ತಿ. ಉಳಿದ ಹೊತ್ತೆಲ್ಲಾ ಪೊರಕೆ, ಸಲಿಕೆ, ಗುದ್ದಲಿ, ನೀರಿನ ಪೈಪು. ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ‘ನಾನು ಡ್ರೈವರ್, ಎಲೆ ಯಾಕೆ ತುಂಬಲಿ’ ಅಂದುಕೊಂಡು ಬಂದವರು ನಮ್ಮಲ್ಲಿ ಮೂರು ತಿಂಗಳೂ ನಿಂತಿಲ್ಲ.

ಯಾವ ಪಾರ್ಕು ಅಂತ ಮೊದಲು ಕೇಳಿಕೊಳ್ಳಿ. ಬಡಾವಣೆಯ ಒಂದು ಎಕರೆ ಪಾರ್ಕಿಗೆ ಟ್ರ್ಯಾಕ್ಟರ್ ಬೇಕಾಗಲ್ಲ. ಅಲ್ಲಿ ಒಬ್ಬ ಮಾಲಿ, ಒಂದು ಪೈಪು, ಅಷ್ಟೇ. ಆಗ ಚಾಲಕ ಅಂದರೆ ಹತ್ತಾರು ಪಾರ್ಕುಗಳ ಕಸ ಎತ್ತುವ ಗಾಡಿಯ ಡ್ರೈವರ್ ಇರಬಹುದು. ಲಾಲ್‌ಬಾಗ್ ಹಾಗಲ್ಲ. ಅದು ಸುಮಾರು 240 ಎಕರೆ. ಅಲ್ಲಿ ಮಣ್ಣು, ಗೊಬ್ಬರ, ಕುಂಡ, ನೀರು ಎಲ್ಲವೂ ಗಾಡಿಯ ಮೇಲೇ ಓಡಾಡಬೇಕು. ಜನವರಿ ಮತ್ತು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ಬಂತೆಂದರೆ ಅಲ್ಲಿರುವ ನನ್ನ ಗೆಳೆಯ ಫೋನನ್ನೇ ಎತ್ತುವುದಿಲ್ಲ.

ನಮ್ಮ ದಿನ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಹಾಜರಿ. ಅಷ್ಟು ಹೊತ್ತಿಗೆ ವಾಕಿಂಗ್‌ನವರು ಎರಡು ಸುತ್ತು ಮುಗಿಸಿರುತ್ತಾರೆ. ಮೊದಲ ಕೆಲಸ ಎಲೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ, ಮಳೆಮರ ಎಲ್ಲಾ ಉದುರುವ ಕಾಲ. ಗುಡಿಸಿ ಹಿಂದೆ ತಿರುಗಿ ನೋಡಿದರೆ ಗುಡಿಸಿಯೇ ಇಲ್ಲವೇನೋ ಅನ್ನಿಸುತ್ತದೆ. ಯುಗಾದಿಗೆ ಹೊಂಗೆ ಚಿಗುರಿದ ಮೇಲೆ ಉಸಿರು ಬಿಡುತ್ತೇವೆ. ಅದಕ್ಕೂ ಮುಂಚೆ ಟಬೂಬಿಯಾ ಹೂ ಬಿಡುತ್ತದೆ. ಕೆಳಗೆಲ್ಲಾ ಗುಲಾಬಿ ಹಾಸು. ಪೊರಕೆ ಎತ್ತಿದರೆ ಫೋಟೋ ತೆಗೆಯುವವರು ‘ಅಣ್ಣಾ, ಐದು ನಿಮಿಷ ಗುಡಿಸಬೇಡಿ’ ಅನ್ನುತ್ತಾರೆ. ಗುಡಿಸದಿದ್ದರೆ ಸೂಪರ್‌ವೈಸರ್ ಬೈಯುತ್ತಾರೆ. ನಾನು ಈಗ ಆ ಮರದ ಬುಡವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಎಂಟು ಗಂಟೆ ಆದ ಮೇಲೆ.

ಎಲೆ ಸುಡುವ ಹಾಗಿಲ್ಲ. ಟ್ರೇಲರ್‌ಗೆ ತುಂಬಿ ಗೊಬ್ಬರದ ಗುಂಡಿಗೆ ಹಾಕಬೇಕು. ಒಣ ಎಲೆ ಟ್ರೇಲರ್ ತುಂಬಾ ತುಂಬಿದರೂ ಭಾರ ಇರಲ್ಲ, ಆದರೆ ಮೇಲೆ ಬಲೆ ಕಟ್ಟದಿದ್ದರೆ ಅರ್ಧ ದಾರಿಯಲ್ಲೇ ಹಾರಿಹೋಗುತ್ತದೆ. ಮಳೆಯಲ್ಲಿ ನೆಂದ ಎಲೆ ಬೇರೆಯದೇ ಕಥೆ. ಒಂದು ಬಾಣಲಿ ಎತ್ತಿದರೆ ಸೊಂಟ ಹಿಡಿಯುತ್ತದೆ.

ಇನ್ನು ಗಾಡಿಯ ವಿಷಯ. ನಿಮಗೆ ಆಟೋ ಕೈಗೆ ಚೆನ್ನಾಗಿ ಕೂತಿರುತ್ತದೆ, ಅಲ್ವಾ? ಅದೇ ತೊಂದರೆ. ಟ್ರ್ಯಾಕ್ಟರ್‌ಗೆ ಬಲಗಾಲಿನ ಹತ್ತಿರ ಎರಡು ಬ್ರೇಕ್ ಪೆಡಲ್ ಇರುತ್ತವೆ. ಒಂದು ಎಡಗಡೆ ಹಿಂದಿನ ಚಕ್ರಕ್ಕೆ, ಇನ್ನೊಂದು ಬಲಗಡೆ ಚಕ್ರಕ್ಕೆ. ಹೊಲದಲ್ಲಿ ಒಂದನ್ನೇ ಒತ್ತಿ ಗಾಡಿಯನ್ನು ಗಿರಕಿ ಹೊಡೆಸಲು ಹಾಗೆ ಮಾಡಿದ್ದಾರೆ. ದಾರಿಯ ಮೇಲೆ ಓಡಿಸುವಾಗ ಎರಡನ್ನೂ ಸೇರಿಸಿ ಚಿಲಕ ಹಾಕಲೇಬೇಕು. ಮರೆತು ಒಂದನ್ನೇ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ಸೇರಿದ ಎರಡನೇ ವಾರ ನಾನು ಮರೆತೆ. ಕಲ್ಲಿನ ಬೆಂಚೊಂದಕ್ಕೆ ಒಂದು ಮೊಳ ಇರುವಾಗ ಗಾಡಿ ನಿಂತಿತು. ಬೆಂಚಿನ ಮೇಲೆ ಯಾರೂ ಇರಲಿಲ್ಲ, ನನ್ನ ಪುಣ್ಯ. ಆವತ್ತಿನಿಂದ ಇಂಜಿನ್ ಆನ್ ಮಾಡುವ ಮುಂಚೆ ಮೂರು ನೋಡುತ್ತೇನೆ: ಬ್ರೇಕಿನ ಚಿಲಕ, ಟ್ರೇಲರ್ ಪಿನ್ನು, ಪಿನ್ನಿನ ಕ್ಲಿಪ್ಪು. ಆಮೇಲೆ ಎಣ್ಣೆ, ನೀರು, ಟೈರು.

ಟ್ರೇಲರ್ ಹಾಕಿಕೊಂಡು ರಿವರ್ಸ್ ತೆಗೆಯುವುದು ಒಂದು ವಾರದಲ್ಲಿ ಬರಲ್ಲ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಖಾಲಿ ಜಾಗದಲ್ಲಿ ಕಲಿತುಕೊಳ್ಳಿ. ಪಾರ್ಕಿನೊಳಗೆ ಹಿಂದೆ ಒಬ್ಬರು ನಿಂತು ಕೈ ಮಾಡದೆ ರಿವರ್ಸ್ ತೆಗೆಯಲೇಬೇಡಿ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ನಡೆಯುವವರಿಗೆ ನಿಮ್ಮ ಟ್ರ್ಯಾಕ್ಟರ್ ಶಬ್ದವೂ ಕೇಳಲ್ಲ. ಹಾರ್ನ್ ಹೊಡೆದರೆ ‘ಇದೇನು ಮೆಜೆಸ್ಟಿಕ್ಕಾ’ ಅಂತ ಬೈಗುಳ. ಹೊಡೆಯದೆ ಹತ್ತಿರ ಹೋದರೂ ಬೈಗುಳ. ನಡೆಯುವವರ ವೇಗದಲ್ಲೇ ಹಿಂದೆ ಹಿಂದೆ ಹೋಗುತ್ತಿರಿ, ಅವರಾಗೇ ತಿರುಗಿ ನೋಡುತ್ತಾರೆ.

ಟ್ಯಾಂಕರ್‌ನಲ್ಲಿ 5,000 ಲೀಟರ್ ನೀರು ಅಂದರೆ ನೀರೊಂದೇ ಐದು ಟನ್. ತುಂಬಿದ್ದಾಗ ಭಯ ಅಂತ ಎಲ್ಲರೂ ತಿಳಿದಿರುತ್ತಾರೆ. ನನಗೆ ಅರ್ಧ ಖಾಲಿಯಾದಾಗಲೇ ಭಯ. ಒಳಗೆ ನೀರು ಹಿಂದೆ ಮುಂದೆ ತುಳುಕಾಡುತ್ತದೆ. ಬ್ರೇಕ್ ಒತ್ತಿದ ಒಂದು ಕ್ಷಣ ಆದ ಮೇಲೆ ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ ತಳ್ಳುತ್ತದೆ. ತಿರುವಿನಲ್ಲಿ ಹಾಗಾದರೆ ಪಲ್ಟಿ ಹೊಡೆಯುವುದಕ್ಕೆ ಜಾಸ್ತಿ ಹೊತ್ತು ಬೇಡ.

ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಬ್ರೇಕೂ ಅಲ್ಲ, ರಿವರ್ಸೂ ಅಲ್ಲ. ಚಕ್ರ ಎಲ್ಲಿ ಇಡಬಾರದು ಅನ್ನುವುದು.

ಸೇರಿದ ವರ್ಷ ಜುಲೈ ತಿಂಗಳು. ರಾತ್ರಿಯೆಲ್ಲಾ ಮಳೆ ಬಿದ್ದಿತ್ತು. ಮಣ್ಣು ತುಂಬಿದ ಟ್ರೇಲರ್ ತಗೊಂಡು ದಾರಿ ಸುತ್ತಿ ಹೋಗುವ ಬದಲು ಒಂದು ದೊಡ್ಡ ಮಳೆಮರದ ಕೆಳಗೆ ಹುಲ್ಲಿನ ಮೇಲೇ ಅಡ್ಡ ಹಾಯಿಸಿದೆ. ಐದು ನಿಮಿಷ ಉಳಿಯಿತು. ಹಿಂದೆ ಗೇಣುದ್ದ ಆಳದ ಎರಡು ಜಾಡು. ನಮ್ಮ ಮೇಸ್ತ್ರಿ ತಿಗಳರ ಪೇಟೆ ಕಡೆಯವರು, ಅವರ ತಾತನ ಕಾಲದಿಂದಲೂ ತೋಟದ ಕೆಲಸವೇ. ಕರಗ ಹಬ್ಬದ ದಿನಗಳು ಬಿಟ್ಟರೆ ಅವರು ರಜೆ ಹಾಕಿದ್ದನ್ನು ನಾನು ನೋಡಿಲ್ಲ. ಬಂದು ನೋಡಿದರು. ಬೈಯಲಿಲ್ಲ. ಜಾಡಿನ ಪಕ್ಕ ಕೂತು ಕೈಯಲ್ಲೇ ಮಣ್ಣು ಕೆದಕಿ, ಪೆನ್ಸಿಲ್ ದಪ್ಪದ ಬೇರುಗಳು ಜಜ್ಜಿಹೋಗಿದ್ದನ್ನು ತೋರಿಸಿದರು.

‘ಮರದ ಬಾಯಿ ಬುಡದಲ್ಲಿಲ್ಲ ಕಣೋ, ಇಲ್ಲಿದೆ’ ಎಂದರು.

ನಾನು ಬೇರು ಅಂದರೆ ಬುಡದ ಕೆಳಗೆ ನೇರ ಪಾತಾಳಕ್ಕೆ ಇಳಿದಿರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ನೀರು, ಸಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಮರದ ನೆರಳಿಗಿಂತ ಆಚೆಗೂ ಹೋಗಿರುತ್ತವೆ. ಒದ್ದೆ ಮಣ್ಣಿನ ಮೇಲೆ ಭಾರದ ಗಾಡಿ ಹೋದರೆ ಮಣ್ಣೊಳಗೆ ಗಾಳಿ ಇರುವ ಜಾಗವೆಲ್ಲಾ ಹಿಸುಕಿ ಗಟ್ಟಿಯಾಗುತ್ತದೆ. ಆಮೇಲೆ ಮಳೆ ಬಂದರೂ ನೀರು ಇಳಿಯಲ್ಲ, ನಿಲ್ಲುತ್ತದೆ. ಮರ ಆವತ್ತೇ ಏನೂ ಹೇಳುವುದಿಲ್ಲ. ಎರಡು ಮೂರು ವರ್ಷ ಆದ ಮೇಲೆ ತುದಿ ಕೊಂಬೆ ಒಣಗಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಗಾಡಿ ಓಡಿಸಿದವನು ಬೇರೆ ಕಡೆ ಹೋಗಿರುತ್ತಾನೆ. ಆ ಜಾಡನ್ನು ಹಾರೆಯಲ್ಲಿ ಸಡಿಲ ಮಾಡಿ, ಗೊಬ್ಬರ ಬೆರೆಸಿ ಮುಚ್ಚಲು ನನಗೆ ಎರಡು ದಿನ ಹಿಡಿಯಿತು. ಟ್ರ್ಯಾಕ್ಟರ್ ಮುಟ್ಟಲು ಬಿಡಲಿಲ್ಲ.

ಬ್ರಷ್ ಕಟರ್ ಕೂಡ ಕೊಡುತ್ತಾರೆ. ನೈಲಾನ್ ದಾರ ಹಾಕಿ ಹುಲ್ಲು ಹೊಡೆಯುವಾಗ ಎಳೆ ಗಿಡದ ಬುಡಕ್ಕೆ ತಗುಲಿದರೆ ತೊಗಟೆ ಸುತ್ತಲೂ ಸುಲಿದುಹೋಗುತ್ತದೆ. ಸುತ್ತ ಪೂರ್ತಿ ಸುಲಿದರೆ ಗಿಡ ಸತ್ತ ಹಾಗೇ. ಬುಡದ ಹತ್ತಿರ ಕುಡುಗೋಲೇ ವಾಸಿ. ಕಲ್ಲು, ಬಾಟಲಿ ಚೂರು ಗುಂಡಿನಂತೆ ಹಾರುತ್ತವೆ. 15 ಮೀಟರ್ ಒಳಗೆ ಯಾರೂ ಇರಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು. ಎರಡು ಸ್ಟ್ರೋಕ್ ಮಿಷನ್ ಆದರೆ ಪೆಟ್ರೋಲ್‌ಗೆ 2ಟಿ ಎಣ್ಣೆ ಬೆರೆಸಬೇಕು. ಕೆಲವಕ್ಕೆ ಲೀಟರ್‌ಗೆ 20 ಎಂಎಲ್, ಕೆಲವಕ್ಕೆ 40. ಟ್ಯಾಂಕಿನ ಮೇಲೆ ಬರೆದಿರುತ್ತದೆ, ಅಂದಾಜಿಗೆ ಹಾಕಬೇಡಿ.

ಹೆಜ್ಜೇನು ಕಟ್ಟಿದ ಮರದ ಕೆಳಗೆ ಮಿಷನ್ ಶುರು ಮಾಡಬೇಡಿ. ಮೇಲೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಲೆ ರಾಶಿಯಲ್ಲಿ ಕೇರೆ ಹಾವು ಕಂಡರೆ ದಾರಿ ಬಿಡಿ, ಹೋಗುತ್ತದೆ. ಏಪ್ರಿಲ್, ಮೇ ಸಂಜೆ ಗಾಳಿ ಮಳೆ ಬಂದಾಗ ಗುಲ್‌ಮೊಹರ್ ಕೊಂಬೆ ಮುರಿಯುತ್ತವೆ, ರಾತ್ರಿಯೂ ಫೋನ್ ಬರುತ್ತದೆ. ಪಕ್ಕದ ಮನೆಯವರು ಬಂದು ‘ಆ ಕೊಂಬೆ ಕಡಿದುಬಿಡಪ್ಪಾ, ಕಾಫಿಗೆ ಕೊಡ್ತೀನಿ’ ಅನ್ನುತ್ತಾರೆ. ಕೈ ಹಾಕಬೇಡಿ. ಮರ ಕಡಿಯಲು 1976ರ ಕಾಯ್ದೆ ಇದೆ, ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಿಕ್ಕಿಬಿದ್ದರೆ ಅವರು ಕಾಫಿ ಕುಡಿಯುತ್ತಾ ಮನೆಯಲ್ಲಿರುತ್ತಾರೆ.

ನೀರಿನ ವಿಷಯಕ್ಕೂ ಬೈಗುಳ ತಿನ್ನಬೇಕು. 2024ರ ಮಾರ್ಚ್‌ನಲ್ಲಿ ಎಷ್ಟೋ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದಿತು. ನಾವು ಹಾಕುತ್ತಿದ್ದದ್ದು ಶುದ್ಧೀಕರಿಸಿದ ಕೊಳಚೆ ನೀರು. ಆದರೂ ದಿನಾ ನಾಲ್ಕು ಜನ ನಿಲ್ಲಿಸಿ ‘ನಮ್ಮ ಮನೆಗೆ ನೀರಿಲ್ಲ, ನೀನು ಹುಲ್ಲಿಗೆ ಹೊಯ್ಯುತ್ತಿದ್ದೀಯಾ’ ಎನ್ನುತ್ತಿದ್ದರು. ಕೊನೆಗೆ ಟ್ಯಾಂಕರ್ ಮೇಲೆ ದೊಡ್ಡದಾಗಿ ಬರೆಸಿದೆವು. ಆ ನೀರು ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ, ಸೋಪು ಹಾಕಿ ತೊಳೆಯಿರಿ.

ಈಗ ಕಾಗದ ಪತ್ರ. ಕಾನೂನಿನಲ್ಲಿ ಖಾಲಿ ತೂಕ 7,500 ಕಿಲೋ ದಾಟದ ಟ್ರ್ಯಾಕ್ಟರ್ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಲೈಸೆನ್ಸ್‌ನಲ್ಲಿ ಬರೀ ಮೂರು ಚಕ್ರದ ಗಾಡಿ ಅಂತಿದ್ದರೆ ಮೊದಲು ಎಲ್‌ಎಂವಿ ಮಾಡಿಸಿಕೊಳ್ಳಿ. ಗಾಡಿಯ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ನೋಡದೆ ಸೀಟಿನ ಮೇಲೆ ಕೂರಬೇಡಿ. ‘ಇದೆ ಇದೆ’ ಅಂದರೆ ಸಾಲದು, ಕಾಗದ ನೋಡಿ.

ಸಂಬಳ ಎಷ್ಟು ಎನ್ನುವುದಕ್ಕಿಂತ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟುತ್ತಾರಾ ಅಂತ ಕೇಳಿ. ಪಿಎಫ್‌ಗೆ ನಿಮ್ಮಿಂದ ಶೇ. 12 ಹಿಡಿಯುತ್ತಾರೆ, ಅಷ್ಟೇ ಅವರೂ ಹಾಕಬೇಕು. ಇಎಸ್‌ಐಗೆ ನಿಮ್ಮದು ಶೇ. 0.75, ಅವರದು ಶೇ. 3.25. ನನ್ನ ಹಳೆಯ ಗುತ್ತಿಗೆದಾರರೊಬ್ಬರು ಏಳು ತಿಂಗಳು ಸಂಬಳದಿಂದ ಹಿಡಿದುಕೊಂಡು ಒಂದು ಪೈಸೆಯೂ ಕಟ್ಟಿರಲಿಲ್ಲ. ಮಗಳನ್ನು ಆಸ್ಪತ್ರೆಗೆ ಸೇರಿಸಿದಾಗ ಇಎಸ್‌ಐ ಕಾರ್ಡು ಕೆಲಸ ಮಾಡಲಿಲ್ಲ. ಆಗಲೇ ಗೊತ್ತಾಗಿದ್ದು. ನೀವು ಯುಎಎನ್, ಅಂದರೆ ನಿಮ್ಮ ಪಿಎಫ್‌ನ ಕಾಯಂ ನಂಬರ್ ಇಸ್ಕೊಂಡು ತಿಂಗಳು ತಿಂಗಳೂ ಪಿಎಫ್ ಪಾಸ್‌ಬುಕ್ ನೋಡುತ್ತಿರಿ. ಟೆಂಡರ್ ಬದಲಾದಾಗ ಗುತ್ತಿಗೆದಾರ ಹೋಗುತ್ತಾನೆ, ನೀವು ಅದೇ ಪಾರ್ಕಿನಲ್ಲೇ ಇರುತ್ತೀರಿ. ಆ ನಂಬರ್ ಮಾತ್ರ ಬದಲಾಗಬಾರದು.

ಇನ್ನೊಂದು. ಕಳೆ ಕೀಳುವವರು, ಗುಡಿಸುವವರು ನಮ್ಮಲ್ಲಿ ಹೆಚ್ಚಿನವರು ಹೆಂಗಸರು. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾರ್ಥೇನಿಯಂ ಕಿತ್ತು ಕಿತ್ತು ಕೈಯೆಲ್ಲಾ ತುರಿಕೆ. ನೀವು ಸೀಟಿನಿಂದ ಇಳಿದು ಎರಡು ಬಾಣಲಿ ಎತ್ತಿಕೊಟ್ಟರೆ ಮಧ್ಯಾಹ್ನ ಅಕ್ಕಂದಿರ ಡಬ್ಬಿಯಲ್ಲಿ ನಿಮಗೂ ಮುದ್ದೆ, ಸೊಪ್ಪಿನ ಸಾರು ಇರುತ್ತದೆ. ಇಳಿಯದಿದ್ದರೆ ಟ್ರೇಲರ್ ತುಂಬುವುದಕ್ಕೆ ಸಂಜೆಯಾಗುತ್ತದೆ. ಯಾರೂ ಏನೂ ಅನ್ನಲ್ಲ, ಸುಮ್ನೆ ನಿಧಾನ ಆಗುತ್ತದೆ.

ಸೇರಬಹುದಾ ಅಂತ ನಾನು ಹೇಳುವುದಕ್ಕಿಂತ ನೀವೇ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಆ ಪಾರ್ಕಿಗೆ ಹೋಗಿ. ಭಾನುವಾರದ ಕಸ ಎಲ್ಲಾ ಇರುತ್ತದೆ: ಕೇಕ್ ಡಬ್ಬ, ಚುರುಮುರಿ ಪೊಟ್ಟಣ, ಮರದ ಸಂದಿಯಲ್ಲಿ ಬಾಟಲಿ. ಟ್ರ್ಯಾಕ್ಟರ್ ನಿಂತ ಕಡೆ ಹೋಗಿ ಡ್ರೈವರ್ ಎಲ್ಲಿ ಅಂತ ಕೇಳಿ. ಸೀಟಿನ ಮೇಲಿದ್ದಾನಾ, ಕೆಳಗಿದ್ದಾನಾ ನೋಡಿ. ಅವನ ಜೊತೆ ಒಂದು ಟೀ ಕುಡಿದು ಹಿಂದಿನ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು ಅಂತ ವಿಚಾರಿಸಿ. ಬರುವುದು ಅಂತಾದರೆ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬನ್ನಿ. ಗಂಬೂಟು, ಕೈಗವಸು ಅವರೇ ಕೊಡಬೇಕು, ಕೇಳಿ ಇಸ್ಕೊಳ್ಳಿ. ಟೋಪಿ ಮಾತ್ರ ನಿಮ್ಮದೇ ತನ್ನಿ, ಅವರು ಕೊಡುವುದು ಗಾಳಿಗೆ ನಿಲ್ಲಲ್ಲ.