ರೈಲ್ವೆ ಸೇತುವೆ ಕೆಳಗೆ ಗಾಡಿ ಹಿಡಿಸುತ್ತದೋ ಇಲ್ಲವೋ, ಕಣ್ಣಂದಾಜಿನಲ್ಲೇ ಗೊತ್ತಾಗುತ್ತದಾ?

ನೀವು ಕೇಳಿದ್ದು ಇಷ್ಟು: ಹೊಸದಾಗಿ ಕ್ಯಾಂಟರ್ ತೆಗೆದುಕೊಂಡಿದ್ದೀರಿ, ಪಡೀಲ್, ಬಜಾಲ್ ಕಡೆ ರೈಲ್ವೆ ಸೇತುವೆ ಎದುರಾದಾಗೆಲ್ಲ ಎದೆ ಡವಡವ ಅನ್ನುತ್ತದೆ, ಹಳೇ ಡ್ರೈವರ್‌ಗಳಿಗೆ ನೋಡಿದ ಕೂಡಲೇ ಎತ್ತರ ಗೊತ್ತಾಗುತ್ತದಾ ಅಂತ.

ಗೊತ್ತಾಗುವುದಿಲ್ಲ ಮಾರಾಯ್ರೆ. ಗೊತ್ತಾದವರ ಹಾಗೆ ಮುಖ ಮಾಡಿಕೊಂಡಿರುತ್ತೇವೆ ಅಷ್ಟೆ. ಮಂಗಳೂರಿನಲ್ಲಿ ಶಾಮಿಯಾನದ ಗಾಡಿ ಓಡಿಸುತ್ತಾ ಹದಿನೈದು ವರ್ಷ ದಾಟಿತು. ನಮ್ಮ ಕಸುಬಿನಲ್ಲಿ ಲೋಡಿನ ಎತ್ತರ ದಿನಕ್ಕೊಂದು. ಇವತ್ತು ಪೈಪು, ನಾಳೆ ಕುರ್ಚಿ, ನಾಡಿದ್ದು ಅನ್ನದ ಹಂಡೆ. ಹಾಗಾಗಿ ಈ ಹೆದರಿಕೆ ನನಗೆ ಇನ್ನೂ ಹೋಗಿಲ್ಲ. ಹೋಗಬಾರದು ಕೂಡ.

ಹಾಗಂತ ಕಣ್ಣಳತೆ ಪೂರ್ತಿ ಸುಳ್ಳಲ್ಲ. ಸಮತಟ್ಟು ಜಾಗದಲ್ಲಿ ಒಂದು ಲೆಕ್ಕ ನಡೆಯುತ್ತದೆ. ಪಣಂಬೂರು ಬೀಚಿಗೆ ಹೋದಾಗ ಮರಳಿನ ಮೇಲೆ ನಿಂತು ನೋಡಿ. ನಿಮ್ಮಷ್ಟೇ ಉದ್ದ ಇರುವವರ ಕಣ್ಣು, ಅವರು ಹತ್ತಿರ ಇರಲಿ ದೂರ ಇರಲಿ, ಸಮುದ್ರ ಮತ್ತು ಆಕಾಶ ಕೂಡುವ ಗೆರೆಗೇ ಸರಿಯಾಗಿ ಬರುತ್ತದೆ. ಅಂದರೆ ಆ ಗೆರೆ ನಿಮ್ಮ ಕಣ್ಣಿನ ಎತ್ತರ. ಗಾಡಿಯಲ್ಲಿ ಕೂತಾಗಲೂ ಹಾಗೇ. ನನ್ನ ಸೀಟಿನಲ್ಲಿ ಕಣ್ಣಿನ ಎತ್ತರ ನೆಲದಿಂದ 7 ಅಡಿ. ಎದುರಿನ ಸೇತುವೆಯಲ್ಲಿ ಆ ಗೆರೆಯಿಂದ ಕೆಳಗೆ ಎಷ್ಟು ಕಾಣುತ್ತದೋ ಮೇಲೂ ಅಷ್ಟೇ ಕಂಡರೆ 14 ಅಡಿ. ಮೇಲಿನದ್ದು ಕೆಳಗಿನದರ ಅರ್ಧ ಮಾತ್ರ ಇದ್ದರೆ ಹತ್ತೂವರೆ.

ಈಗ ಹೇಳಿ, ನಮ್ಮ ಊರಿನಲ್ಲಿ ಸಮತಟ್ಟು ರಸ್ತೆ ಎಲ್ಲಿದೆ? ಗುಡ್ಡ ಇಳಿದರೆ ತೋಡು, ತೋಡು ದಾಟಿದರೆ ಗುಡ್ಡ. ಸೇತುವೆ ಇರುವುದೇ ಇಳಿಜಾರಿನ ಬುಡದಲ್ಲಿ. ಆಕಾಶದ ಗೆರೆ ಇರಬೇಕಾದ ಕಡೆ ಯಾರದೋ ಮನೆಯ ಹಲಸಿನ ಮರ ಇರುತ್ತದೆ.

ಮೋಸ ಆಗುವುದು ಇಲ್ಲಿಯೇ. ನೀವು ಏರಿನ ಮೇಲೆ ಇದ್ದೀರಿ, ಸೇತುವೆ ಕೆಳಗಿದೆ. ಅದರ ಗರ್ಡರ್, ಅಂದರೆ ಹಳಿ ಹೊತ್ತ ಅಡ್ಡ ತೊಲೆ, ಹೆಚ್ಚುಕಮ್ಮಿ ನಿಮ್ಮ ಕಣ್ಣಿನ ನೇರಕ್ಕೇ ಬಂದಿರುತ್ತದೆ. ಗಾಡಿಯ ಮೂತಿಯೂ ಕೆಳಗೆ ಬಾಗಿರುತ್ತದೆ. ಹಣೆಗೇ ಬಡಿಯಿತು ಅನಿಸುತ್ತದೆ. ಇಳಿದು ಹತ್ತಿರ ಹೋದರೆ ಏನೂ ಆಗುವುದಿಲ್ಲ, ಆರಾಮಾಗಿ ದಾಟುತ್ತೀರಿ. ಹೀಗೆ ಕಣ್ಣು ಸುಮ್ನೆ ಹತ್ತು ಸಲ ಹೆದರಿಸುತ್ತದೆ. ಹನ್ನೊಂದನೇ ಸಲ ನಿಜವಾಗಿಯೇ ತಗುಲುವಂತಿದ್ದಾಗ ನಾವು ಅದರ ಮಾತು ಕೇಳುವುದಿಲ್ಲ. ಹೊಸಬರು ನಿಧಾನ ಮಾಡುತ್ತಾರೆ. ಬಡಿಸಿಕೊಳ್ಳುವುದು ನನ್ನಂಥವರು.

ನಾನು ಬಡಿಸಿಕೊಂಡ ಕತೆ ಹೇಳುತ್ತೇನೆ. ಜಾಗದ ಹೆಸರು ಬೇಡ. ಬೋರ್ಡಿನಲ್ಲಿ 3.5 ಮೀ. ಅಂತ ಇತ್ತು, ಕೆಂಪು ಅಂಚಿನ ಆ ದುಂಡನೆಯ ಬೋರ್ಡು. ಅಡಿಯಲ್ಲಿ ಹೇಳಿದರೆ ಹನ್ನೊಂದೂವರೆಗೆ ಕಾಲಿಂಚು ಕಡಿಮೆ. (ನಮ್ಮವರು ಇದನ್ನು ಬಾಯಿಮಾತಿಗೆ ‘ಹನ್ನೆರಡು ಅಡಿ’ ಮಾಡಿಬಿಡುತ್ತಾರೆ, ಅಲ್ಲೇ ಅರ್ಧ ಅಡಿ ಹೋಯಿತು.) ಒಂದು ಭೂತದ ನೇಮಕ್ಕೆ ಕಬ್ಬಿಣದ ಪೈಪು, ಅದರ ಮೇಲೆ ಕುರ್ಚಿ ಹೇರಿಕೊಂಡು ಹೋದೆವು. ಲೋಡು ಅಳೆದಿದ್ದೆ, 11 ಅಡಿ 3 ಇಂಚು. ಸಲೀಸಾಗಿ ದಾಟಿತು. ಮರುದಿನ ಪೈಪೆಲ್ಲ ಅಲ್ಲೇ ಬಿಟ್ಟು ಕುರ್ಚಿ ಮಾತ್ರ ತಂದೆವು. ಹುಡುಗರು ಪೈಪಿನ ಜಾಗಕ್ಕೆ ಖಾಲಿ ಡ್ರಮ್ಮು ಇಟ್ಟು, ಕುರ್ಚಿಯನ್ನು ಮೊದಲಿನ ಎತ್ತರಕ್ಕೇ ಕಟ್ಟಿದ್ದರು. ನಿನ್ನೆ ಹೋದ ದಾರಿಯಲ್ವಾ ಅಂತ ನಾನು ಕೆಳಗಿಳಿದು ನೋಡಲೇ ಇಲ್ಲ. ಮೇಲಿನಿಂದ ‘ಟರ್ರ್’ ಅಂತ ಒಂದು ಸದ್ದು, ಆಮೇಲೆ ಕನ್ನಡಿಯಲ್ಲಿ ನೋಡಿದರೆ ರಸ್ತೆ ತುಂಬ ಕೆಂಪು ಪ್ಲಾಸ್ಟಿಕ್ ಚೂರು. ಮೇಲಿನ ಸಾಲಿನ ಕುರ್ಚಿಗಳ ಕಾಲೆಲ್ಲ ಕತ್ತರಿಸಿದ ಹಾಗೆ ಹೋಗಿತ್ತು.

ಆದದ್ದು ಏನು? ಭಾರ ಇಳಿದ ಮೇಲೆ ಗಾಡಿಯ ಅಡಿಯ ಸ್ಪ್ರಿಂಗ್ ಪ್ಲೇಟು ಎದ್ದು, ಗಾಡಿ ಮೂರು ಇಂಚು ಮೇಲೆ ಬಂದಿತ್ತು. ಎತ್ತರ ಹನ್ನೊಂದೂವರೆ ಅಡಿ ಆಯಿತು. ಬೋರ್ಡಿನಲ್ಲಿ ಸ್ವಲ್ಪ ಕಮ್ಮಿ ಬರೆದಿರುತ್ತಾರೆ ಅನ್ನುವ ಧೈರ್ಯ ಬೇರೆ. ಆ ಕಮ್ಮಿಯನ್ನು ಡಾಂಬರು ತಿಂದಿತ್ತು. ಸೇತುವೆ ಅಲ್ಲೇ ಇರುತ್ತದೆ, ರಸ್ತೆ ಮಾತ್ರ ಪ್ರತಿ ಸಲ ಒಂದು ಪದರ ಏರುತ್ತದೆ. ಬೋರ್ಡಿನ ಅಂಕಿ ಬದಲಾಗುವುದು ನಾನಂತೂ ನೋಡಿಲ್ಲ. ಕೇರಳದ ಕಡೆಯಿಂದ ರೈಲು ಮಂಗಳೂರು ಮುಟ್ಟಿದ್ದೇ 1907ರಲ್ಲಿ. ಆಗ ಕೆಳಗೆ ಹೋಗುತ್ತಿದ್ದದ್ದು ಎತ್ತಿನ ಗಾಡಿ. ಈಗ ಸರಕು ಗಾಡಿಗೆ 4 ಮೀಟರ್ ಎತ್ತರಕ್ಕೆ ಕಾನೂನೇ ಅವಕಾಶ ಕೊಡುತ್ತದೆ, 2020ರಿಂದ. ಅಂದರೆ ಆರ್‌ಸಿ, ಎಫ್‌ಸಿ ಕಾಗದ ಎಲ್ಲ ಸರಿ ಇರುವ ಗಾಡಿಯೂ 3.5ರ ಸೇತುವೆಯಲ್ಲಿ ಸಿಕ್ಕಿಬೀಳಬಹುದು.

ಕಣ್ಣಿಗೆ ಕಾಣದ ಇನ್ನೆರಡು ಇವೆ. ಸೇತುವೆ ಕೆಳಗೆ ರಸ್ತೆ ತೊಟ್ಟಿಲಿನ ಹಾಗೆ ತಗ್ಗಿದ್ದರೆ, ಮುಂದಿನ ಚಕ್ರ ಏರು ಹತ್ತುವಾಗ ಹಿಂದಿನದು ಇನ್ನೂ ಇಳಿಜಾರಿನಲ್ಲಿರುತ್ತದೆ. ಮಧ್ಯದ ತಗ್ಗನ್ನು ಗಾಡಿ ಮುಟ್ಟುವುದೇ ಇಲ್ಲ, ಅಷ್ಟು ಎತ್ತರ ದಂಡ. ಉದ್ದ ಗಾಡಿಗೆ ಇದು ಜಾಸ್ತಿ. ಬಸ್ಸು ಹೋಯಿತು ಅಂತ ಟ್ರೇಲರ್‌ನವನು ನುಗ್ಗುವುದು ಇದಕ್ಕೇ ತಪ್ಪು. ಇನ್ನೊಂದು, ಕಲ್ಲಿನ ಕಮಾನಿನ ಸೇತುವೆ. ಎತ್ತರ ಇರುವುದು ನಡುವಿನಲ್ಲಿ. ಎದುರಿನಿಂದ ರಿಕ್ಷಾ ಬಂತು ಅಂತ ಎಡಕ್ಕೆ ಸರಿದಿರೋ, ಮೂಲೆ ತಾಗಿತು. ಅಲ್ಲಿ ಹಾರ್ನ್ ಹಾಕಿ, ನಿಂತು, ನಡುವಿನಲ್ಲೇ ಹೋಗಿ. ಬೈದರೆ ಬೈಯಲಿ.

ಮಳೆಗಾಲದ ಕತೆ ಬೇರೆ. ತಗ್ಗಿನಲ್ಲಿ ನೀರು ನಿಂತಿದ್ದರೆ ನಿಮಗೆ ಕಾಣುವುದು ನೀರಿನಿಂದ ಗರ್ಡರ್‌ವರೆಗಿನ ಎತ್ತರ, ರಸ್ತೆಯಿಂದ ಅಲ್ಲ. ಆಗ ಎತ್ತರದ ಚಿಂತೆ ಬಿಟ್ಟು ಬೇರೆ ದಾರಿ ಹಿಡಿಯಿರಿ.

ಹಾಗಾದರೆ ನಾನೇನು ಮಾಡುತ್ತೇನೆ? ಗಾಡಿಯ ಪಕ್ಕದಲ್ಲಿ ಒಂದು ದೋಟಿ ಕಟ್ಟಿಕೊಂಡಿರುತ್ತೇನೆ. ತೆಂಗಿನಕಾಯಿ ಕೊಯ್ಯುವ ಅದೇ ಬಿದಿರು, ಕತ್ತಿ ತೆಗೆದದ್ದು. ಲೋಡು ಕಟ್ಟಿದ ಮೇಲೆ ಅದನ್ನು ಗಾಡಿಗೆ ಒತ್ತಿ ನಿಲ್ಲಿಸಿ, ಅತಿ ಎತ್ತರದ ತುದಿಗಿಂತ ಒಂದು ಗೇಣು ಮೇಲಕ್ಕೆ ಕೆಂಪು ಟೇಪು ಸುತ್ತುತ್ತೇವೆ. ಸೇತುವೆ ಹತ್ತಿರ ಹುಡುಗ ಇಳಿದು, ದೋಟಿಯನ್ನು ನೆಟ್ಟಗೆ ಹಿಡಿದು ಎಡ ಅಂಚಿನಿಂದ ಬಲ ಅಂಚಿನವರೆಗೆ ನಡೆಯುತ್ತಾನೆ. ಟೇಪು ಗರ್ಡರ್‌ಗಿಂತ ಕೆಳಗಿದ್ದರೆ ಹೋಗುವುದು. ಇದು ಗರ್ಡರ್‌ಗೆ ಮಾತ್ರ. ಕರೆಂಟ್ ತಂತಿ ಇರುವ ರೈಲ್ವೆ ಗೇಟಿನಲ್ಲಿ ದೋಟಿ ಎತ್ತಲೇಬೇಡಿ. ಅಲ್ಲಿ ಎರಡೂ ಬದಿ 4.67 ಮೀಟರಿನ ಹೈಟ್ ಗೇಜ್ (ಎತ್ತರದ ಮಿತಿ ತೋರಿಸುವ ಕಮಾನಿನಂಥ ಚೌಕಟ್ಟು) ಇರುತ್ತದೆ, ಅದರ ಕೆಳಗೆ ಹಿಡಿಸದಿದ್ದರೆ ವಾಪಸ್ ತಿರುಗಿ.

ಅಕಸ್ಮಾತ್ ಸಿಕ್ಕಿಕೊಂಡರೆ ಮುಂದೆ ಎಳೆಯಬೇಡಿ. ನಾಲ್ಕು ಜನ ಸೇರಿ ‘ಒಂದು ಆಕ್ಸಿಲರೇಟರ್ ಕೊಡಿ, ಬರ್ತದೆ’ ಅನ್ನುತ್ತಾರೆ, ಕೇಳಬೇಡಿ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಒಂದೆರಡು ಇಂಚು ಸಿಗುತ್ತದೆ, ನಿಧಾನ ಹಿಂದೆ ತನ್ನಿ. ತಾಗಿದ್ದು ಗರ್ಡರ್‌ಗೇ ಆದರೆ, ಗಾಡಿ ಹೊರಗೆ ಬಂದರೂ ಸುಮ್ನೆ ಹೋಗಬೇಡಿ. ಸೇತುವೆಯ ಮೇಲೆ ಬರೆದಿರುವ ನಂಬರ್ ನೋಡಿ, ಹತ್ತಿರದ ಸ್ಟೇಷನ್ನಿಗೆ ಹೇಳಿ. ಮೇಲೆ ಮುಂದಿನ ರೈಲು ಎಷ್ಟು ಹೊತ್ತಿಗೆ ಅಂತ ನಮಗೆ ಗೊತ್ತಿರುವುದಿಲ್ಲವಲ್ಲ.