ಕರುಳಿನ ಆಪರೇಷನ್ ಆಗಿದೆ, ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಇನ್ಸುಲಿನ್ ನಿಲ್ಲಿಸಬಹುದಾ?

ಅಪ್ಪ ಬರೀ ಗಂಜಿ ಕುಡಿಯುತ್ತಿದ್ದಾರೆ, ಇನ್ಸುಲಿನ್ ಯಾಕೆ ಬೇಕು ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಯಾರನ್ನೂ ಕೇಳದೆ ನಿಲ್ಲಿಸಿಯೂ ಬಿಟ್ಟೆ.

ಆಗ ನನಗೆ 54. ಶುಗರ್ ಬಂದು ಹನ್ನೊಂದು ವರ್ಷವಾಗಿತ್ತು, ಮೆಟ್‌ಫಾರ್ಮಿನ್ ಮಾತ್ರೆಯಲ್ಲೇ ನಡೆಯುತ್ತಿತ್ತು. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇದೆ ಅಂತ ಗೊತ್ತಾಗಿ ತಿಪಟೂರಿನಿಂದ ಬೆಂಗಳೂರಿಗೆ ಹೋದೆ. ಹೊಟ್ಟೆ ಕೊಯ್ದು ಆ ಭಾಗ ತೆಗೆದು, ಉಳಿದ ಕರುಳನ್ನು ಜೋಡಿಸಿದರು. ಒಂಬತ್ತನೇ ದಿನ ಮನೆಗೆ ಕಳಿಸಿದರು. ದಿನಕ್ಕೆ ಎರಡು ಸಲ ಇನ್ಸುಲಿನ್, ನಾಲ್ಕು ಸಲ ಶುಗರ್ ಚೆಕ್ ಅಂತ ಚೀಟಿಯಲ್ಲಿ ಬರೆದಿತ್ತು.

ನೋಡಲು ಬಂದವರದ್ದೆಲ್ಲ ಒಂದೇ ಮಾತು. "ಇನ್ಸುಲಿನ್ ಅಭ್ಯಾಸ ಆದ್ರೆ ಸಾಯೋತನಕ ಬಿಡಕ್ಕಾಗಲ್ಲ ಭಾವ." ನನಗೂ ಅದೇ ಭಯವಿತ್ತು. ವಾಕರಿಕೆ ಬೇರೆ, ಅರ್ಧ ಲೋಟ ಗಂಜಿಯೂ ಇಳಿಯುತ್ತಿರಲಿಲ್ಲ. ತಿನ್ನದವನಿಗೆ ಶುಗರ್ ಎಲ್ಲಿಂದ ಬರುತ್ತದೆ ಅಂದುಕೊಂಡೆ. ಇನ್ಸುಲಿನ್ ಬಿಟ್ಟಿದ್ದು ಒಂದು ತಪ್ಪು. ಅದರ ಜೊತೆಗೆ ಗ್ಲುಕೋಮೀಟರ್ ಅನ್ನೂ ಬೀರುವಿನಲ್ಲಿಟ್ಟೆ. ಇದೇ ದೊಡ್ಡ ತಪ್ಪು. "ಒಂದ್ಸಲ ಚೆಕ್ ಮಾಡ್ಕೊಳ್ರೀ" ಅಂತ ಹೆಂಡತಿ ದಿನಾ ಹೇಳುತ್ತಿದ್ದಳು. ದಿನಾ ಚೆಕ್ ಮಾಡಿದ್ದರೆ ಎರಡನೇ ದಿನಕ್ಕೇ ಗೊತ್ತಾಗಿಬಿಡುತ್ತಿತ್ತು.

ಆರನೇ ದಿನ ಬೆಳಿಗ್ಗೆ ಪಂಚೆ ಒದ್ದೆಯಾಗಿತ್ತು. ಗಾಯದಿಂದ ಕೀವು ಬರುತ್ತಿತ್ತು, ವಾಸನೆ ಬೇರೆ, ಮೈ ಸುಡುತ್ತಿತ್ತು. ಶುಗರ್ ನೋಡಿದರೆ 386. ಮತ್ತೆ ಬೆಂಗಳೂರು. ಹೊಲಿಗೆ ಬಿಚ್ಚಿ ಗಾಯ ತೆರೆದೇ ಬಿಟ್ಟರು. ಏಳು ವಾರ ದಿನಾ ಡ್ರೆಸ್ಸಿಂಗ್. ಹಳೇ ಗಾಜ್ ಬಟ್ಟೆ ಎಳೆದು ಹೊಸದನ್ನು ತುಂಬುವಾಗ ಮಂಚದ ಕಂಬಿ ಹಿಡಿದುಕೊಂಡು ಅಳುತ್ತಿದ್ದೆ. ಆ ಜಾಗದಲ್ಲೇ ಆಮೇಲೆ ಹರ್ನಿಯಾ ಆಯಿತು, ಅಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದು ಉಬ್ಬಿ ಬಂತು. ಈಗಲೂ ಬೆಲ್ಟ್ ಹಾಕಿಕೊಂಡೇ ಓಡಾಡುತ್ತೇನೆ.

ನಾನು ತಿಳಿಯದೇ ಹೋಗಿದ್ದನ್ನು ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಹೇಳಿದರು. ದೊಡ್ಡ ಆಪರೇಷನ್ ಆದಾಗ ಮೈ ಗಾಬರಿಯಾಗುತ್ತದೆ. ಆಗ ಬರುವ ಹಾರ್ಮೋನುಗಳು ಲಿವರ್‌ನಿಂದ ಸಕ್ಕರೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಹೊಟ್ಟೆ ಖಾಲಿ ಇದ್ದರೂ ಶುಗರ್ ಏರುತ್ತದೆ. ಶುಗರ್ ಏರಿದರೆ ಸೋಂಕಿನ ಜೊತೆ ಹೋರಾಡುವ ರಕ್ತದ ಬಿಳಿ ಕಣಗಳು ಮಂಕಾಗುತ್ತವೆ. ಕರುಳು ಅಂದರೆ ಬ್ಯಾಕ್ಟೀರಿಯಾ ತುಂಬಿರುವ ಜಾಗ, ಅಲ್ಲಿನ ಗಾಯಕ್ಕೆ ಕೀವು ಬೇಗ ಹಿಡಿಯುತ್ತದೆ. ಇಷ್ಟಕ್ಕೂ ಅಕ್ಕಿ ಗಂಜಿ ನೀರಾಗಿದೆ ಅಂದ ಮಾತ್ರಕ್ಕೆ ಶುಗರ್ ಕಮ್ಮಿ ಅಂತಲ್ಲ. ಮೆತ್ತಗೆ ಬೆಂದ ಅನ್ನ ಬೇಗ ರಕ್ತಕ್ಕೆ ಸೇರುತ್ತದೆ.

ಹಾಗಂತ ತಿನ್ನದೇ ಇದ್ದಾಗ ಡಾಕ್ಟರನ್ನು ಕೇಳದೆ ಪೂರ್ತಿ ಡೋಸ್ ಚುಚ್ಚಬೇಡಿ, ಶುಗರ್ ತೀರಾ ಇಳಿದುಬಿಡಬಹುದು, ಅದೂ ಅಪಾಯ. ಚೆಕ್ ಮಾಡಿ, ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಫೋನ್ ಮಾಡಿ ಆ ನಂಬರ್‌ಗಳನ್ನು ಓದಿ ಹೇಳಿ. ಎಷ್ಟು ಯೂನಿಟ್ ಅಂತ ಅವರೇ ಹೇಳಲಿ. ಶುಗರ್ 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಊಟದ್ದೂ ಒಂದು ಮಾತು. ಶುಗರ್‌ಗೆ ಒಳ್ಳೆಯದು ಅಂತ ರಾಗಿ ಮುದ್ದೆ, ಮೊಳಕೆ ಕಾಳು, ಹಸಿ ತರಕಾರಿ ಈಗಲೇ ಶುರು ಮಾಡಬೇಡಿ. ಹೊಸದಾಗಿ ಜೋಡಿಸಿದ ಕರುಳಿಗೆ ನಾರು ಭಾರ. ನನಗೆ ಆರು ವಾರ ಬೇಡ ಅಂದಿದ್ದರು. ಸರ್ಜನ್ ಒಪ್ಪಿದರೆ ಮೊಟ್ಟೆ, ಮೊಸರು, ತೆಳ್ಳಗೆ ಬೇಯಿಸಿದ ಹೆಸರುಬೇಳೆ ಸ್ವಲ್ಪ ಸ್ವಲ್ಪ ಕೊಡಿ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು.

ಹೊಟ್ಟೆ ಉಬ್ಬಿದರೆ, ಗ್ಯಾಸ್ ಹೋಗುವುದು ನಿಂತರೆ, ಜ್ವರ ಅಥವಾ ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಜೋಡಿಸಿದ ಕಡೆ ಸೋರಿಕೆ ಇರಬಹುದು, ರಾತ್ರಿಯೇ ಹೊರಡಿ.

ಇನ್ಸುಲಿನ್ ಬಿಡಕ್ಕಾಗಲ್ಲ ಅನ್ನುವ ಮಾತು ಎಲ್ಲರಿಗೂ ನಿಜವಲ್ಲ. ನನ್ನ ಗಾಯ ಮಾಯ್ದ ಮೇಲೆ ಡಾಕ್ಟರೇ ಇಳಿಸುತ್ತಾ ಬಂದು ನಾಲ್ಕನೇ ತಿಂಗಳಿಗೆ ನಿಲ್ಲಿಸಿದರು. ಈಗ ಮತ್ತೆ ಮಾತ್ರೆ ಮಾತ್ರ.

ಅಪ್ಪನಿಗೆ ಇವತ್ತು ಬೆಳಿಗ್ಗೆ ಶುಗರ್ ಎಷ್ಟಿತ್ತು? ನೋಡಿಲ್ಲ ಅಂದರೆ ಈಗಲೇ ಎದ್ದು ನೋಡಿ.